ಸೇಂಟ್ ಲೂಸಿಯಾದಲ್ಲಿ ಒಂದೇ ದಿನ, ಜೊತೆಗೆ ಅಪ್ಪ ಅಮ್ಮ: ಡ್ರೈವರ್ ಗೊತ್ತುಮಾಡೋದು ಹೇಗೆ?

ಕೇಳಿದವರು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದ್ದೀವಿ. ಹಡಗು ಒಂದು ದಿನ ಸೇಂಟ್ ಲೂಸಿಯಾದ ಕ್ಯಾಸ್ಟ್ರೀಸ್‌ನಲ್ಲಿ ನಿಲ್ಲುತ್ತೆ, ಬೆಳಿಗ್ಗೆ 8ರಿಂದ ಸಂಜೆ 5ರ ತನಕ. ನಾವು ಆರು ಜನ: ನಾನು, ನಮ್ಮನೆಯವರು, ಒಂಬತ್ತು ಮತ್ತು ಐದು ವರ್ಷದ ಮಕ್ಕಳು, ಮೈಸೂರಿಂದ ಬಂದಿರೋ ಅಪ್ಪ ಅಮ್ಮ. ಅಮ್ಮನಿಗೆ 71 ವರ್ಷ, ಮಂಡಿ ನೋವು, ಮೆಟ್ಟಿಲು ಅಂದ್ರೆ ಹೆದರ್ತಾರೆ. ಎಲ್ಲರೂ ಸಸ್ಯಾಹಾರಿಗಳು. ಹಡಗಿನವರ ಟೂರ್‌ಗೆ ತಲೆಗೆ 100 ಡಾಲರ್ ಮೇಲೇ ಹೇಳ್ತಿದ್ದಾರೆ, ಅದೂ ದೊಡ್ಡ ಬಸ್ಸಲ್ಲಿ ಎಲ್ಲರ ಜೊತೆ. ನಮ್ಮಷ್ಟಕ್ಕೆ ಒಂದು ಗಾಡಿ, ಒಬ್ಬ ಡ್ರೈವರ್ ಮಾಡಿಕೊಂಡರೆ ಹೇಗೆ? ನಂಬಬಹುದಾ? ವಾಪಸ್ ಬರೋದು ತಡವಾಗಿ ಹಡಗು ತಪ್ಪಿಬಿಟ್ಟರೆ ಅನ್ನೋದೇ ದೊಡ್ಡ ಚಿಂತೆ. ಹೋಗಿಬಂದವರು ದಯವಿಟ್ಟು ಹೇಳಿ.

ಡಲ್ಲಾಸ್‌ನಿಂದ

ನಾವು ಹೋದ ಫೆಬ್ರವರಿಯಲ್ಲಿ ಅತ್ತೆ ಮಾವನ್ನ ಕರ್ಕೊಂಡು ಇದೇ ಊರಿಗೆ ಹೋಗಿದ್ವಿ, ಹಾಗಾಗಿ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೀತಿದ್ದೀನಿ. ಖಂಡಿತ ಡ್ರೈವರ್ ಮಾಡಿಕೊಳ್ಳಿ. ವಯಸ್ಸಾದವರು, ಮಕ್ಕಳು ಇಬ್ಬರೂ ಇದ್ದಾಗ ನಿಲ್ಲಿಸಿ ಅಂದ ಕಡೆ ನಿಲ್ಲೋ ಗಾಡಿಗಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಆದ್ರೆ ಡ್ರೈವರ್ ಸಿಕ್ಕರೆ ಸಾಲದು, ನಿಮ್ಮ ಮನೆಯವರ ಪರಿಸ್ಥಿತಿ ಅವರಿಗೆ ಮೊದಲೇ ಗೊತ್ತಿರಬೇಕು. ಅಮ್ಮನ ಮಂಡಿ, ಊಟ, ಮಕ್ಕಳ ವಯಸ್ಸು ಎಲ್ಲಾನೂ ಬರೆದು ತಿಳಿಸಿ. ನಮ್ಮ ದಿನ ಚೆನ್ನಾಗಿ ಆಗಿದ್ದೇ ಅದರಿಂದ.

ಮೊದಲು ದಾರಿ ಹೇಳ್ತೀನಿ. ದ್ವೀಪ ಪುಟ್ಟದು, ಉದ್ದ ಸುಮಾರು 43 ಕಿಲೋಮೀಟರ್, ಅಗಲ 22. ಕೊಡಗಿನ ಆರರಲ್ಲೊಂದು ಪಾಲೂ ಇಲ್ಲ. ಅದನ್ನ ನೋಡಿ ಅರ್ಧ ದಿನದಲ್ಲಿ ಮುಗಿಯುತ್ತೆ ಅಂದ್ಕೋಬೇಡಿ. ಕ್ಯಾಸ್ಟ್ರೀಸ್ ಇರೋದು ವಾಯವ್ಯದಲ್ಲಿ. ಎಲ್ಲರೂ ನೋಡೋಕೆ ಹೋಗೋ ಜಾಗ ನೈಋತ್ಯದ ಸೂಫ್ರಿಯೇರ್ ಊರಿನ ಸುತ್ತ. ನಡುವೆ ಪಶ್ಚಿಮ ಕರಾವಳಿಯ ರಸ್ತೆ, ಥೇಟ್ ನಮ್ಮ ಆಗುಂಬೆ ಘಾಟಿ. ಹತ್ತೋದು, ತಿರುಗೋದು, ಇಳಿಯೋದು, ಮತ್ತೆ ಹತ್ತೋದು. ನಿಲ್ಲಿಸದೆ ಹೋದ್ರೂ ಒಂದೂಕಾಲು, ಒಂದೂವರೆ ಗಂಟೆ ಬೇಕು. ಮ್ಯಾರಿಗೋ ಕೊಲ್ಲಿಯನ್ನ ಮೇಲಿಂದ ನೋಡೋ ಜಾಗ, ಆಮೇಲೆ ರೋಸೋ ಕಣಿವೆಯ ಬಾಳೆತೋಟ (ಗೊನೆಗಳಿಗೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿರ್ತಾರೆ, ಮಕ್ಕಳು ಕೇಳ್ತಾರೆ, ಹುಳುವಿಂದ, ಗಾಯದಿಂದ ಕಾಯೋಕೆ), ಆಮೇಲೆ ಆನ್ಸ್ ಲಾ ರೇ, ಕ್ಯಾನರೀಸ್ ಅನ್ನೋ ಎರಡು ಮೀನುಗಾರರ ಊರು, ಕೊನೆಗೆ ಒಂದು ತಿರುವಲ್ಲಿ ಎದುರಿಗೇ ಪಿಟಾನ್ ಜೋಡಿ ಬೆಟ್ಟ. 700 ಮೀಟರಿಗೂ ಹೆಚ್ಚು ಎತ್ತರದ ಎರಡು ಶಿಖರ, ನೇರ ಸಮುದ್ರದಿಂದಲೇ ಎದ್ದು ನಿಂತಿವೆ. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಮಾವ ಅಲ್ಲಿ ಇಳಿದು ಐದು ನಿಮಿಷ ಮಾತೇ ಆಡಲಿಲ್ಲ.

ನನ್ನ ಮಗಳಿಗೆ ಕ್ಯಾನರೀಸ್ ಬರೋ ಮುಂಚೆಯೇ ಹೊಟ್ಟೆ ತೊಳಸೋಕೆ ಶುರುವಾಯ್ತು. ಡ್ರೈವರ್ ಕನ್ನಡಿಯಲ್ಲೇ ಅವಳ ಮುಖ ನೋಡಿ, ನಾನು ಬಾಯಿ ತೆರೆಯೋಕೂ ಮೊದಲು ಗಾಡಿ ಬದಿಗೆ ಹಾಕಿದ್ರು. ಅವಳನ್ನ ಮುಂದಿನ ಸೀಟಲ್ಲಿ, ನನ್ನ ತೊಡೆಗೆ ಒರಗಿಸಿ, ನೆರಳಲ್ಲಿ ಹತ್ತು ನಿಮಿಷ ಕೂರಿಸಿದ್ವಿ. ಬಸ್ಸಲ್ಲಿ ಇದು ಆಗ್ತಿತ್ತಾ? ಶುಂಠಿ ಪೆಪ್ಪರಮಿಂಟು, ಒಂದೆರಡು ಕವರ್, ಒಂದು ಜೊತೆ ಬಟ್ಟೆ ಇಟ್ಕೊಳ್ಳಿ. ಅದೇ ರಸ್ತೆಯಲ್ಲಿ ಮರಗೆಣಸಿನ ರೊಟ್ಟಿ ಬಿಸಿಬಿಸಿ ಮಾಡಿ ಕೊಡೋ ಕಡೆ ನಿಲ್ಲಿಸೋಕೆ ಹೇಳಿ. ತೆಂಗಿನಕಾಯಿ ಹಾಕಿದ್ದು, ದಾಲ್ಚಿನ್ನಿ ಹಾಕಿದ್ದು ಎರಡೂ ನಮ್ಮ ಅತ್ತೆಗೆ ಹಿಡಿಸ್ತು. ಮೀನು ಹಾಕಿದ್ದೂ ಇರುತ್ತೆ, ಕೇಳಿ ತಗೊಳ್ಳಿ.

ಈಗ ದುಡ್ಡಿನ ವಿಷಯ. ಅಲ್ಲಿ ಟ್ಯಾಕ್ಸಿಗೆ ಮೀಟರ್ ಇಲ್ಲ. ಮಾತಾಡಿಕೊಂಡ ಮೇಲೇ ಹತ್ತಬೇಕು. ನಾವು ಏಳು ಜನಕ್ಕೆ ಇಡೀ ದಿನಕ್ಕೆ 260 ಅಮೆರಿಕನ್ ಡಾಲರ್ ಕೊಟ್ವಿ, ಕೊನೆಯಲ್ಲಿ ಸಂತೋಷಕ್ಕೆ 40 ಸೇರಿಸಿದ್ವಿ. ಇಲ್ಲಿ ಒಂದು ಎಚ್ಚರ. ಆ ದ್ವೀಪದ ಹಣದ ಹೆಸರೂ ಡಾಲರ್ರೇ, ಈಸ್ಟ್ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70 ಅಂತ ಅದರ ದರ ಕಟ್ಟಿದ್ದಾರೆ. ಹಾಗಾಗಿ ಯಾರಾದ್ರೂ ‘ಇನ್ನೂರು’ ಅಂದ್ರೆ ಯಾವ ಇನ್ನೂರು ಅಂತ ಕೇಳಲೇಬೇಕು. ಗಾಡಿಗಾ, ತಲೆಗಾ? ಕಾಯೋ ಹೊತ್ತೂ ಸೇರಿತಾ? ಪ್ರವೇಶ ಶುಲ್ಕ ನಮ್ಮದಾ ಅವರದಾ? ಸಾಮಾನ್ಯವಾಗಿ ನಮ್ಮದೇ, ಒಂದೊಂದು ಜಾಗಕ್ಕೂ ಬೇರೆ ಬೇರೆ. ಐದು ವರ್ಷದ ಮಗುವಿಗೆ ಸೀಟ್ ಇದೆಯಾ, ಎಲ್ಲಾ ಸೀಟಿಗೂ ಬೆಲ್ಟ್ ಇದೆಯಾ ಅಂತನೂ ಕೇಳಿ. ಉತ್ತರ ಫೋನಲ್ಲಿ ಬೇಡ, ವಾಟ್ಸಾಪಲ್ಲೋ ಇಮೇಲಲ್ಲೋ ಬರವಣಿಗೆಯಲ್ಲಿ ಇರಲಿ. ಹಣ ಪೂರ್ತಿ ಮುಂಗಡ ಕೇಳಿದ್ರೆ ಒಪ್ಪಬೇಡಿ. ನಾವು ಸಂಜೆ ಇಳಿದ ಮೇಲೇ ಕೊಟ್ಟಿದ್ದು, ಚಿಲ್ಲರೆ ನೋಟು ಇಟ್ಕೊಂಡಿದ್ದು ಒಳ್ಳೇದಾಯ್ತು. ಪರವಾನಗಿ ಇರೋ ಟ್ಯಾಕ್ಸಿಯ ನಂಬರ್ ಪ್ಲೇಟಲ್ಲಿ ‘ಟಿಎಕ್ಸ್’ ಅಂತ ಇರುತ್ತೆ, ಹತ್ತೋ ಮುಂಚೆ ನೋಡ್ಕೊಳ್ಳಿ.

‘ಅಂಗಡಿಗೆ ಕರ್ಕೊಂಡು ಹೋಗಬೇಡಿ’ ಅಂತಲೂ ಬರೀರಿ. ಹಿಂದಿನ ದಿನ ಬೇರೆ ದ್ವೀಪದಲ್ಲಿ ನಾವು ಬಂದರಲ್ಲಿ ಸಿಕ್ಕಿದ ಒಬ್ಬರ ಗಾಡಿ ಹತ್ತಿದ್ವಿ. ಅವರು ನಮ್ಮನ್ನ ಒಂದು ಆಭರಣದ ಅಂಗಡಿ ಮುಂದೆ ಇಳಿಸಿದ್ರು. ಮುಕ್ಕಾಲು ಗಂಟೆ ಅಲ್ಲೇ ಹೋಯ್ತು. ಮಾವನಿಗೆ ಊಟಕ್ಕೆ ಮುಂಚೆ ಮಾತ್ರೆ ತಗೊಳ್ಳೋ ಹೊತ್ತು ಮೀರಿತು. ನನಗೆ ಇವತ್ತಿಗೂ ಅದರ ಬಗ್ಗೆ ಸಂಕಟ ಇದೆ, ಅವತ್ತೇ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು.

ಹಡಗು ತಪ್ಪೋ ಚಿಂತೆ ನಿಜವಾದ ಚಿಂತೆಯೇ. ಹಡಗಿನವರ ಟೂರ್ ತಡವಾದ್ರೆ ಹಡಗು ಕಾಯುತ್ತೆ. ನಾವಾಗೇ ಹೋಗಿ ತಡವಾದ್ರೆ ಕಾಯಲ್ಲ. ಎಲ್ಲರೂ ಹತ್ತಿರಬೇಕಾದ ಹೊತ್ತು ಹೊರಡೋ ಹೊತ್ತಿಗಿಂತ ಅರ್ಧ ಗಂಟೆಯೋ ಅದಕ್ಕೂ ಮುಂಚೆಯೋ ಇರುತ್ತೆ. ನಿಮ್ಮದು 5 ಅಂದ್ರೆ 4.30 ಅಂತಿಟ್ಕೊಳ್ಳಿ. ಡ್ರೈವರಿಗೆ ಹೇಳಬೇಕಾದ್ದು 4.30 ಅಲ್ಲ, ‘3 ಗಂಟೆಗೆ ಕ್ಯಾಸ್ಟ್ರೀಸಲ್ಲಿ ಇರಬೇಕು’ ಅಂತ. ಹಾಗಾದ್ರೆ 1.30ಕ್ಕೆ ಸೂಫ್ರಿಯೇರ್ ಬಿಡಬೇಕು. ದೂರದ್ದನ್ನ ಮೊದಲು ನೋಡಿ, ಹತ್ತಿರದ್ದನ್ನ ಬರುವಾಗ ಹೊತ್ತು ಉಳಿದ್ರೆ ನೋಡಿ. ಇನ್ನೊಂದು: ಸೇಂಟ್ ಲೂಸಿಯಾದಲ್ಲಿ ವರ್ಷಪೂರ್ತಿ ಒಂದೇ ಸಮಯ, ಚಳಿಗಾಲದಲ್ಲಿ ನ್ಯೂಜೆರ್ಸಿಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗು ಗಡಿಯಾರ ಬದಲಿಸ್ತಾರೆ, ಕೆಲವು ಬದಲಿಸಲ್ಲ. ಹಿಂದಿನ ರಾತ್ರಿ ಕೇಳಿ ಖಚಿತ ಮಾಡ್ಕೊಳ್ಳಿ. ಹಡಗು ದ್ವೀಪದ ಸಮಯಕ್ಕೆ ಬಂದು ಅಪ್ಪನ ಕೈಗಡಿಯಾರ ಮನೆ ಸಮಯದಲ್ಲೇ ಉಳಿದ್ರೆ ಒಂದು ಗಂಟೆ ಪೂರ್ತಿ ತಪ್ಪುತ್ತೆ. ಹಡಗಿನ ದಿನದ ಹಾಳೆಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇದ್ರೆ ಅದರ ಫೋಟೋ ತೆಗೆದಿಟ್ಕೊಳ್ಳಿ. ಪಾಸ್‌ಪೋರ್ಟಿನ ಪ್ರತಿ, ಎರಡು ದಿನದ ಮಾತ್ರೆ ಕೈಚೀಲದಲ್ಲೇ ಇರಲಿ.

ಅಮ್ಮನಿಗೆ ಡೈಮಂಡ್ ಸಸ್ಯೋದ್ಯಾನ ಸರಿಯಾಗುತ್ತೆ. ದಾರಿ ಹೆಚ್ಚುಕಮ್ಮಿ ಸಮತಟ್ಟು, ಕೂರೋಕೆ ಜಾಗ ಇದೆ, ಕೊನೆಯಲ್ಲಿ ಖನಿಜದಿಂದ ಬಣ್ಣ ಹತ್ತಿದ ಬಂಡೆ ಮೇಲೆ ಜಲಪಾತ. ಅಲ್ಲಿನ ಸ್ನಾನದ ಕೊಳಗಳನ್ನ 1784ರಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿ ದೊರೆಯ ಸೈನಿಕರಿಗಾಗಿ ಕಟ್ಟಿಸಿದ್ದು. ಗಂಧಕದ ಬುಗ್ಗೆ ಹತ್ತಿರ ಗಾಡಿ ಹೋಗುತ್ತೆ, ಕಪ್ಪು ಬಿಸಿನೀರಿನ ಕೊಳದಲ್ಲಿ ಕೆಸರು ಹಚ್ಚಿಕೊಂಡು ಸ್ನಾನ ಮಾಡ್ತಾರೆ. ಹಳೇ ಬಟ್ಟೆ ಹಾಕ್ಕೊಳ್ಳಿ, ಕಲೆ ಹೋಗಲ್ಲ. ಬೆಳ್ಳಿ ಎಲ್ಲಾ ಮೊದಲೇ ಬಿಚ್ಚಿಡಿ! ಅತ್ತೆ ಕಾಲುಂಗುರ ಹಾಕ್ಕೊಂಡೇ ಕಾಲು ಇಳಿಬಿಟ್ಟು ಕೂತಿದ್ರು. ಹಡಗಿಗೆ ಬಂದು ನೋಡಿದ್ರೆ ಕಲ್ಲಿದ್ದಲ ಹಾಗೆ ಕಪ್ಪು. ಊರಿಂದ ತಂದಿದ್ದ ವಿಭೂತಿ ಹಾಕಿ ರಾತ್ರಿ ಎಷ್ಟು ತಿಕ್ಕಿದ್ವೋ.

ಧಾರವಾಡದವರು, ಈಗ ಟೊರೊಂಟೊ

ಅಕ್ಕಾರು ಹೇಳಿದ್ದು ಖರೆ ಅದ, ಆದ್ರ ಮೊದಲ ಬುಕ್ ಮಾಡಲೇಬೇಕು ಅನ್ನೋದು ನನಗ ಪೂರಾ ಒಪ್ಪಿಗಿ ಇಲ್ರಿ. ನಾವು ವಿಮಾನದಾಗ ಹೋಗಿ ಒಂದು ವಾರ ಇದ್ವಿ. ಹೋಟೆಲ್ ಮುಂದಿನ ಸ್ಟ್ಯಾಂಡಿನಾಗ ಮೂರು ಗಾಡಿ ನೋಡಿ, ಮೂರೂ ಜನರ ಜೋಡಿ ಮಾತಾಡಿ ಒಬ್ಬರನ್ನ ಆರಿಸ್ಕೊಂಡ್ವಿ. ಗಾಡಿ ಕಣ್ಣಿಗೆ ಕಾಣಸ್ತದ, ಮನಷ್ಯಾರ ಮಾತು ಕಿವಿಗೆ ಕೇಳಸ್ತದ. ನಿಮ್ಮ ಅವ್ವಾರ ಸಲುವಾಗಿ ಒಂದು ಮಾತು: ಅಲ್ಲಿ ಭಾಳ ಮಂದಿ ಇಟ್ಟಿರೋದು ಎತ್ತರದ ವ್ಯಾನ್. ಹತ್ತೋ ಮೆಟ್ಟಲ ಮಣಕಾಲಿನ ತನಕಾ ಬರ್ತದ. ದಿನಕ್ಕ ಎಂಟು ಸಲ ಹತ್ತಿ ಇಳಿಯೋದು ಮಂಡಿ ನೋವಿನವರಿಗೆ ಭಾಳ ತ್ರಾಸ. ಸಣ್ಣ ಸ್ಟೂಲ್ ತರಲಿಕ್ಕೆ ಹೇಳ್ರಿ, ಇಲ್ಲಾ ತಗ್ಗಿನ ಗಾಡಿ ಕೇಳ್ರಿ.

ನಾವೇ ಗಾಡಿ ಓಡಸ್ತೀವಿ ಅಂತ ಯಾರರ ವಿಚಾರ ಮಾಡಿದ್ರ: ನಮ್ಮ ಊರಿನಂಗ ಎಡಗಡೆ ಓಡಸೋದು, ತಾತ್ಪೂರ್ತಿಕ ಪರವಾನಗಿ ಸಿಗ್ತದ. ಆದ್ರ ಒಂದು ದಿನದ ಸಲುವಾಗಿ ಆ ತಿರುವಿನ ರಸ್ತಾದಾಗ ಕಣ್ಣು ರಸ್ತಾದ ಮ್ಯಾಲೇ ಇಟ್ಟು ಕೂಡೋದಕ್ಕಿಂತ ಸುತ್ತಲಿಂದು ನೋಡೋದು ಛಲೋ. ಬಾರ್ಬಡೋಸಿಗೆ ಹೋದ್ರ ಮಾತು ಬ್ಯಾರೆ. ಅದು ಬಹುತೇಕ ತಗ್ಗಿನ ದ್ವೀಪ, ಬಸ್ ಸೌಕರ್ಯ ಛಲೋ ಅದ, ಬ್ರಿಡ್ಜ್‌ಟೌನಿನಿಂದ ಸಮುದ್ರದಂಡಿಗೆ ಹೋಗಿ ಬರಲಿಕ್ಕೆ ಇಡೀ ದಿನಕ್ಕ ಡ್ರೈವರ್ ಬೇಕಾಗೂದಿಲ್ಲ. ವಿಮಾನದಾಗ ಸೇಂಟ್ ಲೂಸಿಯಾಕ್ಕ ಬರೋರಿಗೆ: ದೊಡ್ಡ ವಿಮಾನ ನಿಲ್ದಾಣ ಹೆವನೋರಾ ತೆಂಕಣ ತುದಿಯ ವಿಯೂ ಫೋರ್ಟಿನಾಗ ಅದ, ಹೋಟೆಲ್ ಹೆಚ್ಚಿನವು ಬಡಗಣದ ರಾಡ್ನಿ ಕೊಲ್ಲಿ ಕಡೆ. ವಾಪಸ್ ಹೋಗೋ ದಿನ ಮುಂಜಾನೆ ಲಗೂನ ಹೊಂಟು ಸೂಫ್ರಿಯೇರ್ ನೋಡಿಕೊಂಡೇ ನಿಲ್ದಾಣಕ್ಕ ಹೋದ್ರ ಎರಡು ಸಲದ ರೊಕ್ಕ ಉಳೀತದ.

ಮಂಗಳೂರಿನವರು, ಫ್ಲೋರಿಡಾ

ಊಟದ ಬಗ್ಗೆ ಯಾರೂ ಬರೆದಿಲ್ಲವಲ್ಲ. ಡ್ರೈವರಿಗೆ ‘ವೆಜಿಟೇರಿಯನ್’ ಅಂದ್ರೆ ಸಾಲದು, ‘ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ’ ಅಂತ ಬಿಡಿಸಿ ಹೇಳಿ. ಅಲ್ಲಿ ‘ಗ್ರೀನ್ ಫಿಗ್’ ಅಂದ್ರೆ ಅಂಜೂರ ಅಲ್ಲ, ಬೇಯಿಸಿದ ಬಾಳೆಕಾಯಿ, ಜೊತೆಗೆ ಉಪ್ಪುಮೀನು ಬರ್ತದೆ. ಕ್ಯಾಲಲೂ ಅನ್ನೋ ಸೂಪ್ ನಮ್ಮ ಕೆಸುವಿನ ಎಲೆಯದ್ದೇ, ನೋಡಿ ಆಸೆ ಆಗ್ತದೆ, ಆದ್ರೆ ಏಡಿಯೋ ಮಾಂಸವೋ ಬಿದ್ದಿರೋದು ಉಂಟು. ಹುರಿದ ಬ್ರೆಡ್‌ಫ್ರೂಟ್ ಸಿಕ್ಕಿದ್ರೆ ಬಿಡಬೇಡಿ, ಅದು ನಮ್ಮ ಜೀಗುಜ್ಜೆ! ಕೆಂಡದ ಮೇಲೆ ಇಡಿಯಾಗಿ ಸುಟ್ಟು, ಕರಿ ಸಿಪ್ಪೆ ಹೆರೆದು ಕೊಡ್ತಾರೆ, ಒಳಗೆ ಹಬೆಯಾಡುವ ಬಿಳಿ. ಕಡಲೆಕಾಳಿನ ರೋಟಿಯೂ ಸಿಗ್ತದೆ. ಕಬ್ಬಿನ ತೋಟಕ್ಕೆ 1859ರಿಂದ ಕರಾರಿನ ಮೇಲೆ ಹಡಗಲ್ಲಿ ಬಂದ ಭಾರತದ ಕೂಲಿಗಳ ಅಡುಗೆ ಅದು. ನಾನು ಅದನ್ನು ಕೈಯಲ್ಲಿ ಹಿಡಿದಾಗ ತುಂಬಾ ಹೊತ್ತು ಅವರನ್ನೇ ನೆನೆದೆ.

ಮತ್ತೊಂದು, ಮಿಲಿಟರಿ ಬಣ್ಣದ ಬಟ್ಟೆ, ಟೋಪಿ, ಚೀಲ ಮಕ್ಕಳಿಗೂ ಹಾಕಬೇಡಿ. ಅಲ್ಲಿ ಕಾನೂನಿನ ನಿಷೇಧ ಇದೆ. ಯಾರ ಹತ್ತಿರ ಏನು ಕೇಳೋದಾದ್ರೂ ಮೊದಲು ‘ಗುಡ್ ಮಾರ್ನಿಂಗ್’ ಹೇಳಿ. ಹಾಗೆ ಹೇಳದೆ ನೇರ ರೇಟ್ ಕೇಳಿದ್ರೆ ಅವರಿಗೆ ಬೇಜಾರಾಗ್ತದೆ.

ಡಲ್ಲಾಸ್‌ನಿಂದ, ಮತ್ತೆ

ಒಂದು ಮರೆತಿದ್ದೆ. ಕ್ಯಾಸ್ಟ್ರೀಸಲ್ಲಿ ಹಡಗು ಎರಡು ಕಡೆ ನಿಲ್ಲಬಹುದು, ಪಾಯಿಂಟ್ ಸೆರಾಫೀನ್ ಅಥವಾ ಊರ ಪಕ್ಕದ ಪ್ಲಾಸ್ ಕ್ಯಾರೆನಾಜ್. ಬಂದರಿನ ಆಚೆ ಈಚೆ. ಯಾವ ಕಡೆ ಅಂತ ಗೊತ್ತಾದ ಕೂಡಲೇ ಡ್ರೈವರಿಗೆ ತಿಳಿಸಿ, ಇಲ್ಲದಿದ್ರೆ ಅವರು ಅಲ್ಲಿ, ನೀವು ಇಲ್ಲಿ.

ಕೇಳಿದವರು, ನ್ಯೂಜೆರ್ಸಿ, ಜನವರಿ

ಹೋಗಿಬಂದ್ವಿ. ನಿಮಗೆಲ್ಲ ಹೇಳದೆ ಇರೋಕೆ ಆಗಲ್ಲ. ನಾಲ್ಕು ಜನಕ್ಕೆ ಬರೆದು ಕೇಳಿದ್ದೆ. ಇಬ್ಬರು ಬರೀ ರೇಟ್ ಕಳಿಸಿದ್ರು, ಒಬ್ಬರು ಉತ್ತರಿಸಲಿಲ್ಲ. ನಾಲ್ಕನೆಯವರು ‘ನಿಮ್ಮ ತಾಯಿ ಒಂದು ಸಲಕ್ಕೆ ಎಷ್ಟು ದೂರ ನಡೀತಾರೆ?’ ಅಂತ ತಿರುಗಿ ಕೇಳಿದ್ರು. ಅವರನ್ನೇ ಗೊತ್ತುಮಾಡಿದೆ. 250 ಅಮೆರಿಕನ್ ಡಾಲರ್, ಗಾಡಿಗೆ.

8.40ಕ್ಕೆ ಹೊರಟ್ವಿ. ಅವರ ಸಲಹೆ ಮೇಲೆ ಎರಡೇ ಕಡೆ ನಿಧಾನವಾಗಿ ನೋಡಿದ್ವಿ, ಡೈಮಂಡ್ ತೋಟ ಮತ್ತು ಗಂಧಕದ ಬುಗ್ಗೆ. ಬುಗ್ಗೆ ಹತ್ತಿರ ಅಮ್ಮ ಕಾಲುಂಗುರ ಬಿಚ್ಚೋಕೆ ಒಪ್ಪಲಿಲ್ಲ, ಅದಕ್ಕೇ ಗಾಡಿಯಲ್ಲೇ ಕೂತ್ರು. ಡ್ರೈವರ್ ಎಸಿ ಹಾಕಿಟ್ಟು ಅವರ ಜೊತೆಗೇ ಇದ್ರು. ಬರುವಾಗ ಹೊತ್ತು ಉಳಿದಿತ್ತು, ಕ್ಯಾಸ್ಟ್ರೀಸಿನ ಡೆರೆಕ್ ವಾಲ್ಕಾಟ್ ಚೌಕದಲ್ಲಿ ಇಳಿಸಿದ್ರು. ಸುಮಾರು 1 ಲಕ್ಷದ 80 ಸಾವಿರ ಜನರ ದೇಶಕ್ಕೆ ಎರಡು ನೊಬೆಲ್, 1979ರಲ್ಲಿ ಅರ್ಥಶಾಸ್ತ್ರಕ್ಕೆ ಆರ್ಥರ್ ಲೂಯಿಸ್, 1992ರಲ್ಲಿ ಸಾಹಿತ್ಯಕ್ಕೆ ವಾಲ್ಕಾಟ್, ಇಬ್ಬರೂ ಹುಟ್ಟಿದ್ದು ಜನವರಿ 23ರಂದೇ ಅಂತ ಹೇಳುವಾಗ ಅವರ ದನಿಯೇ ಬೇರೆ ಆಗಿತ್ತು. ಅಪ್ಪ ಅಲ್ಲಿನ ಸಮಾನ್ ಮರದ ಎಲೆ ನೋಡಿ, ‘ಇದು ನಮ್ಮ ಮಳೆಮರ ಕಣೋ, ರಸ್ತೆ ಬದೀಲಿ ಇರುತ್ತಲ್ಲ’ ಅಂದ್ರು. ಹೌದು, ಅದೇ ಜಾತಿ. ಅಮೆರಿಕ ಖಂಡದ ಈ ಕಡೆಯಿಂದಲೇ ನಮ್ಮಲ್ಲಿಗೆ ಬಂದ ಮರ.

3.20ಕ್ಕೆ ಹಡಗಿನ ಗೇಟಲ್ಲಿದ್ವಿ. ಸ್ಟೂಲ್ ವಿಷಯ ಹೇಳಿದ ಧಾರವಾಡದ ಅಣ್ಣನಿಗೆ ಅಮ್ಮ ವಿಶೇಷವಾಗಿ ತಿಳಿಸೋಕೆ ಹೇಳಿದ್ದಾರೆ. ಇಮೇಲಲ್ಲಿ ಒಂದೇ ಸಾಲು ಬರೆದಿದ್ದೆ. ಬೆಳಿಗ್ಗೆ ನೋಡಿದ್ರೆ ಡ್ರೈವರ್ ಮನೆಯಿಂದ ಮರದ ಪುಟ್ಟ ಮಣೆ ತಂದಿದ್ರು, ಜಾರದ ಹಾಗೆ ಮೇಲೆ ರಬ್ಬರ್ ಹೊಡೆದಿದ್ರು. ಪ್ರತಿ ಸಲ ಗಾಡಿ ನಿಂತಾಗಲೂ ಮೊದಲು ಇಳಿದು, ಆ ಮಣೆ ಇಟ್ಟು, ಅಮ್ಮನಿಗೆ ಕೈ ಕೊಡ್ತಿದ್ರು.