ಅಣ್ಣನ ಗಾಮಾ ನೈಫ್ ಬಗ್ಗೆ ಅತ್ತಿಗೆಗೆ

ಅತ್ತಿಗೆ, ನೀವು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ಓದಿದೆ. ಟೈಪ್ ಮಾಡುತ್ತ ಕೂತರೆ ಅರ್ಧ ಮಾತು ಬಿಟ್ಟುಹೋಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಕೇಳಿ, ಅಣ್ಣನಿಗೂ ಕೇಳಿಸಿ. ಅಣ್ಣನ ಎಡಗಿವಿ ಮಂದವಾಯಿತೆಂದು ಸ್ಕ್ಯಾನ್ ಮಾಡಿಸಿದಾಗ ಒಂದೂವರೆ ಸೆಂಟಿಮೀಟರಿನ ಅಕೌಸ್ಟಿಕ್ ನ್ಯೂರೋಮಾ ಗಡ್ಡೆ ಕಂಡಿದೆ, ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆ ಮಾಡಿಸಿ ಎಂದಿದ್ದಾರೆ, ತಲೆ ಕೊಯ್ಯುತ್ತಾರೆಯೇ, ಇದು ಕ್ಯಾನ್ಸರೇ, ಯಾರನ್ನು ಕೇಳುವುದು ಎಂದು ಬರೆದಿದ್ದೀರಿ. ನನ್ನನ್ನು ಕೇಳಿ ಅತ್ತಿಗೆ. ನನಗೂ ಇದೇ ಗಡ್ಡೆ, ಬಲಗಡೆ. ನಿಮ್ಹಾನ್ಸ್‌ನಲ್ಲಿ ಇದೇ ಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ಆಗ ನಮ್ಮತ್ತೆಗೆ ತೀರಾ ಹುಷಾರಿರಲಿಲ್ಲ, ಹಾಗಾಗಿ ಮನೆಯ ನಾಲ್ಕು ಜನರ ಹೊರಗೆ ಯಾರಿಗೂ ತಿಳಿಸಿರಲಿಲ್ಲ.

ಮೊದಲು ಕ್ಯಾನ್ಸರಿನ ಮಾತು. ಅಲ್ಲ. ಕಿವಿಯಿಂದ ಮೆದುಳಿಗೆ ಹೋಗುವ ಸಮತೋಲನದ ನರದ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ ಇದು, ಬೇರೆ ಅಂಗಗಳಿಗೆ ಹರಡುವುದಿಲ್ಲ. ಬೆಳೆದರೂ ಬಹುಪಾಲು ತೀರಾ ನಿಧಾನ. ತೊಂದರೆಯೆಲ್ಲ ಅದು ಕೂತಿರುವ ಜಾಗದ್ದು: ಪಕ್ಕದಲ್ಲೇ ಕೇಳಿಸುವ ನರ, ಮುಖದ ನರ, ಹಿಂದೆ ಮೆದುಳಿನ ಕಾಂಡ. ಸಣ್ಣದಿದ್ದರೆ ಆಗಾಗ ಎಂಆರ್‌ಐ ಮಾಡಿಸುತ್ತ ಕಾಯುವುದೂ ಒಂದು ದಾರಿ. ದೊಡ್ಡದಾಗಿ ಮೆದುಳಿನ ಕಾಂಡವನ್ನು ಒತ್ತುತ್ತಿದ್ದರೆ ತಲೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಅಣ್ಣನಿಗೆ ಯಾವುದು ಸರಿ ಎಂದು ವೈದ್ಯರೇ ಹೇಳಬೇಕು, ನನ್ನದನ್ನು ನೋಡಿ ನೀವು ತೀರ್ಮಾನಿಸಬೇಡಿ. ಇನ್ನೊಬ್ಬ ನರಶಸ್ತ್ರಚಿಕಿತ್ಸಕರ ಅಭಿಪ್ರಾಯ ಕೇಳಲು ಖಂಡಿತ ಸಮಯವಿದೆ.

ಗುಂಪಿನಲ್ಲಿ ಮಾವ ಗಾಮಾ ನೈಫನ್ನು ಹೊಸ ಪ್ರಯೋಗ ಎಂದು ಬರೆದಿದ್ದಾರೆ. ಮಾವ, ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಎಂಬ ವೈದ್ಯರು ಈ ವಿಚಾರವನ್ನು ಮುಂದಿಟ್ಟದ್ದು 1951ರಲ್ಲಿ, ಯಂತ್ರ ಬಳಕೆಗೆ ಬಂದದ್ದು ಆ ಮುಂದಿನ ದಶಕದ ಕೊನೆಗೆ. ಈಗಿನ ಯಂತ್ರದಲ್ಲಿ ಕೋಬಾಲ್ಟ್ ಎಂಬ ಲೋಹದಿಂದ ಹೊರಡುವ 192 ವಿಕಿರಣದ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಗಡ್ಡೆಯಲ್ಲಿ ಸೇರುತ್ತವೆ. ಒಂದೊಂದು ಕಿರಣವೂ ದುರ್ಬಲ, ಹಾಗಾಗಿ ದಾರಿಯಲ್ಲಿರುವ ಮೆದುಳಿಗೆ ಪೆಟ್ಟು ಬೀಳುವುದು ತೀರಾ ಕಡಿಮೆ, ಸೇರಿದ ಜಾಗದಲ್ಲಿ ಮಾತ್ರ ಬಲ. ಕೊಯ್ಯುವುದಿಲ್ಲ, ತಲೆ ಬೋಳಿಸುವುದಿಲ್ಲ. ಚಿಕಿತ್ಸೆಯಾದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದೂ ಇಲ್ಲ, ಮೊಮ್ಮಗುವನ್ನು ಅಂದೇ ಎತ್ತಿಕೊಳ್ಳಬಹುದು.

ನೋವಾಗುವುದು ಚೌಕಟ್ಟು ಹಾಕುವಾಗ, ಅದನ್ನು ಮುಚ್ಚಿಡುವುದಿಲ್ಲ. ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು ಲೋಹದ ಚೌಕಟ್ಟೊಂದನ್ನು ಹಣೆಯಲ್ಲಿ ಎರಡು, ಹಿಂದೆ ಎರಡು ತಿರುಪುಗಳಿಂದ ಬಿಗಿಯುತ್ತಾರೆ. ಮೊದಲು ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಅದು ಉರಿಯುತ್ತದೆ. ಆಮೇಲೆ ಬಿಗಿಯುವಾಗ ತಲೆಯನ್ನು ಯಾರೋ ಗಟ್ಟಿಯಾಗಿ ಅದುಮಿ ಹಿಡಿದಂತಿರುತ್ತದೆ, ಕೆಲವೇ ನಿಮಿಷ, ನಂತರ ಒಗ್ಗಿಹೋಗುತ್ತದೆ. ಚೌಕಟ್ಟಿನೊಂದಿಗೇ ಎಂಆರ್‌ಐ ಮಾಡುತ್ತಾರೆ. ಕಿರಣವನ್ನು ಎಲ್ಲಿಗೆ ಎಷ್ಟು ಬಿಡಬೇಕೆಂದು ವೈದ್ಯರೂ ಭೌತವಿಜ್ಞಾನಿಯೂ ಕೂತು ಲೆಕ್ಕ ಹಾಕುವಾಗ ಸುಮ್ಮನೆ ಕಾಯಬೇಕು. ನನಗೆ ಆ ಕಾಯುವಿಕೆಯೇ ಕಷ್ಟವಾಗಿದ್ದು. ಅತ್ತಿಗೆ, ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿರಿ. ಚೌಕಟ್ಟು ಹಾಕಿದ ಅಣ್ಣನ ಮುಖ ನೋಡಿ ಅಳು ಬರಬಹುದು, ನನ್ನ ಮಗಳಿಗೂ ಬಂತು. ಯಂತ್ರದೊಳಗೆ ಮಲಗಿದಾಗ ಏನೂ ಅನ್ನಿಸುವುದಿಲ್ಲ. ಚೌಕಟ್ಟು ತೆಗೆದ ರಾತ್ರಿ ತಲೆನೋವು ಇತ್ತು, ಮಾತ್ರೆಗೆ ಹೋಯಿತು.

ಈಗ ಮುಖ್ಯವಾದದ್ದು. ಗಡ್ಡೆ ಮಾಯವಾಗುವುದಿಲ್ಲ. ಅದರ ಬೆಳವಣಿಗೆ ನಿಲ್ಲುವುದೇ ಗೆಲುವು, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಲ್ಲಿ ನಿಲ್ಲುತ್ತದೆ. ‘ಇನ್ನೂ ಹೋಗಿಲ್ಲವೇ, ಹಾಗಾದರೆ ಯಾಕೆ ಮಾಡಿಸಿದಿರಿ’ ಎಂದು ಬಂಧುಗಳು ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಇನ್ನೊಂದು ಸಂಗತಿ ಅಣ್ಣನಿಗೆ ಮೊದಲೇ ಗೊತ್ತಿರಬೇಕು: ಮೊದಲ ಒಂದೆರಡು ವರ್ಷಗಳಲ್ಲಿ ಗಡ್ಡೆ ಊದಿಕೊಂಡು ಸ್ಕ್ಯಾನ್‌ನಲ್ಲಿ ತುಸು ದೊಡ್ಡದಾಗಿ ಕಾಣಬಹುದು, ಬಹಳಷ್ಟು ಜನರಲ್ಲಿ ಆಮೇಲೆ ತಾನೇ ಇಳಿಯುತ್ತದೆ. ನನ್ನ ವರದಿಯಲ್ಲಿ ಹಾಗೆಯೇ ಬಂದಾಗ ನನ್ನ ಕೈಕಾಲು ತಣ್ಣಗಾಗಿತ್ತು.

ಆ ದಿನ ನನ್ನನ್ನು ಉಳಿಸಿದವರು ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ನಿವೃತ್ತ ಶಿಕ್ಷಕಿ. ಮಾತು ಕೇಳಲು ನಾನು ತಲೆ ತಿರುಗಿಸುವ ರೀತಿ ನೋಡಿಯೇ ಗುರುತು ಹಿಡಿದರು, ‘ಯಾವ ಕಿವಿ ನಿಮ್ಮದು’ ಎಂದರು. ವರದಿ ಓದಿ, ತನಗೂ ಹೀಗೇ ಆಗಿತ್ತು, ಮರುವರ್ಷ ಇಳಿಯಿತು ಎಂದರು. ವೈದ್ಯರು ಅದನ್ನೇ ಹೇಳಿದ್ದರು, ಆದರೆ ಆಕೆ ಹೇಳಿದಾಗ ನನಗೆ ಉಸಿರು ಬಂತು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಗಡ್ಡೆ ಇದು, ನಮ್ಮ ಬೀದಿಯಲ್ಲಿ ಇನ್ನೊಬ್ಬರು ಸಿಗುವುದಿಲ್ಲ. ಹಾಗೆ ಒಬ್ಬರಿಂದೊಬ್ಬರು ಪರಿಚಯವಾಗಿ ಈಗ ನಾವೊಂದಷ್ಟು ಜನ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಮಾತಾಡಿಕೊಳ್ಳುತ್ತೇವೆ. ರಾತ್ರಿ ಎದ್ದರೆ ದೀಪ ಹಾಕಿಯೇ ನಡೆಯಿರಿ, ಕತ್ತಲಲ್ಲಿ ಸಮತೋಲನ ತಪ್ಪುತ್ತದೆ ಎಂಬುದು, ಮದುವೆಮನೆಯಲ್ಲಿ ಕೇಳುವ ಕಿವಿಯ ಕಡೆಗೆ ಜನ ಬರುವಂತೆ ಮೂಲೆಯ ಕುರ್ಚಿ ಹಿಡಿಯುವುದು, ಕಿವಿಯ ಗುಂಯ್‌ಗುಡುವಿಕೆಗೆ ಮಲಗುವಾಗ ಸಣ್ಣಗೆ ರೇಡಿಯೋ ಹಾಕುವುದು, ಇವನ್ನೆಲ್ಲ ನನಗೆ ಕಲಿಸಿದವರು ಅವರೇ. ಗಂಡಂದಿರು, ಹೆಂಡತಿಯರೂ ಅಲ್ಲಿದ್ದಾರೆ, ನಿಮಗೂ ಜಾಗವಿದೆ. ಅಲ್ಲಿ ಯಾರೂ ಔಷಧಿ ಹೇಳುವುದಿಲ್ಲ, ಬೇರು, ಕಷಾಯ ಎಂದವರನ್ನು ತಡೆಯುತ್ತೇವೆ. ಇಂಗ್ಲಿಷಿನಲ್ಲಿ ಓದಬೇಕೆಂದರೆ ಅಮೆರಿಕದಲ್ಲಿ 1981ರಿಂದಲೇ ಇರುವ ಅಕೌಸ್ಟಿಕ್ ನ್ಯೂರೋಮಾ ಅಸೋಸಿಯೇಷನ್‌ನ ಮಾಹಿತಿಯನ್ನು ನಿಮ್ಮ ಮಗ ನೋಡಲಿ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಶ್ರವಣ ಪರೀಕ್ಷೆಯ ವರದಿ ಒಯ್ಯಿರಿ. ಉಳಿದಿರುವ ಕೇಳುವ ಶಕ್ತಿ ಎಷ್ಟು ವರ್ಷ ಉಳಿಯಬಹುದು ಎಂದು ನೇರವಾಗಿ ಕೇಳಿ, ಏಕೆಂದರೆ ಚಿಕಿತ್ಸೆಯ ನಂತರವೂ ಅದು ನಿಧಾನವಾಗಿ ಕುಗ್ಗಬಹುದು, ನನ್ನದು ಕುಗ್ಗಿದೆ. ಮುಖದ ನರದ ಬಗ್ಗೆಯೂ ಕೇಳಿ, ಈ ಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾಗುವುದು ಅಪರೂಪ. ಆ ಶಿಕ್ಷಕಿಯ ಒಪ್ಪಿಗೆ ಕೇಳಿ ಅವರ ನಂಬರ್ ಕಳುಹಿಸುತ್ತೇನೆ. ಅಣ್ಣ ಇವತ್ತು ರಾತ್ರಿ ಊಟವಾದ ಮೇಲೆ ನನಗೆ ಫೋನ್ ಮಾಡಲಿ. ಮಾತಾಡಲು ಮನಸ್ಸಿಲ್ಲದಿದ್ದರೂ ಮಾಡಲಿ, ನಾನು ಮಾತಾಡುತ್ತೇನೆ.