ಅಪ್‌ಡೇಟ್: ದೊಡ್ಡಪ್ಪ ಇದ್ದದ್ದು ಯಾವ ರಾಜಪೂತ್‌ನಲ್ಲಿ?

ಹೋದ ತಿಂಗಳು ಕೇಳಿದ್ದೆ: ದೊಡ್ಡಪ್ಪ 1971ರ ಯುದ್ಧದಲ್ಲಿ ಐಎನ್‌ಎಸ್ ರಾಜಪೂತ್‌ನಲ್ಲಿದ್ದೆ ಅಂತಿದ್ದರು, ಆದರೆ ಆ ಹಡಗು ನೌಕಾಪಡೆಗೆ ಸೇರಿದ್ದೇ 1980ರಲ್ಲಿ, ಹೇಗೆ ಸಾಧ್ಯ ಅಂತ. ತಪ್ಪು ನನ್ನದೇ. ರಾಜಪೂತ್ ಅನ್ನೋ ಹೆಸರಿನ ಡೆಸ್ಟ್ರಾಯರ್‌ಗಳು (ವೇಗದ ಯುದ್ಧನೌಕೆಗಳು) ಎರಡು! ನಾನು ನೋಡಿದ್ದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 2021ರಲ್ಲಿ ನಿವೃತ್ತಿಯಾಯಿತು. ದೊಡ್ಡಪ್ಪ ಇದ್ದದ್ದು ಹಳೆಯದು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ರಾದರ್‌ಹ್ಯಾಮ್ ಆಗಿ ಓಡಾಡಿ 1949ರಲ್ಲಿ ನಮಗೆ ಬಂದ ಹಡಗು.

ಟ್ರಂಕಿನಲ್ಲಿ ಪೂರ್ವಿ ಸ್ಟಾರ್ ಪದಕ (1971ರಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಕೊಟ್ಟದ್ದು) ಸಿಕ್ಕಿತು, ಅಂದರೆ ಪೂರ್ವದ ಕಡಲಲ್ಲೇ ಇದ್ದರು. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಅಂಡಮಾನ್ ಕಡೆ ಹೋಗಿತ್ತು, ಅದನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯನ್ನು ದಾರಿ ತಪ್ಪಿಸಲು ಈ ಮುದಿ ರಾಜಪೂತ್ ವಿಶಾಖಪಟ್ಟಣದ ಹತ್ತಿರ ತಾನೇ ವಿಕ್ರಾಂತ್ ಅನ್ನೋ ಹಾಗೆ ವೈರ್‌ಲೆಸ್ ಸಂದೇಶ ಕಳಿಸುತ್ತಿತ್ತು. ಡಿಸೆಂಬರ್ 3ರ ಮಧ್ಯರಾತ್ರಿ ಬಂದರಿನಿಂದ ಹೊರಟಾಗ ನೀರಲ್ಲಿ ಏನೋ ಅಲುಗಾಡಿದ್ದು ಕಂಡು ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯೋ ಬಾಂಬ್) ಬಿಟ್ಟರು. ಆಮೇಲೆ ದೊಡ್ಡ ಸ್ಫೋಟ. ಘಾಜಿ ಮುಳುಗಿದ್ದು ಇದರಿಂದಲೇ ಅಂತ ನಮ್ಮವರು, ಇಲ್ಲ ಒಳಗಿನ ಸ್ಫೋಟ ಅಥವಾ ಘಾಜಿಯೇ ಹಾಕಿದ ಮೈನ್ (ನೀರಲ್ಲಿ ಇಟ್ಟುಬಿಡೋ ಬಾಂಬ್) ಅಂತ ಪಾಕಿಸ್ತಾನದವರು, ಜಗಳ ಇನ್ನೂ ಮುಗಿದಿಲ್ಲ.

ದೊಡ್ಡಮ್ಮನನ್ನು ಕೇಳಿದೆ. ದೊಡ್ಡಪ್ಪ ಬಾಯ್ಲರ್ ರೂಮಿನಲ್ಲಿದ್ದರಂತೆ, ಏನೂ ನೋಡಲಿಲ್ಲ. "ಹಡಗು ಒಮ್ಮೆ ಗಡಗಡ ಅಂತು, ಅಷ್ಟೇ ಅಂತಿದ್ರು ಕಣೋ. ಸೆಕೆ ಬಗ್ಗೆ ಮಾತ್ರ ಒಂದು ಗಂಟೆ ಹೇಳ್ತಿದ್ರು."