ಸಹಾಯ ಬೇಕು: ಅಮ್ಮನ ಶುಗರ್ ಬೆಳಿಗ್ಗೆ 54, ರಾತ್ರಿ 310

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಹತ್ತಿರ ಹಳ್ಳಿ. ಅಮ್ಮನಿಗೆ 63 ವರ್ಷ. ದಿನಕ್ಕೆ ಎರಡು ಸಲ 30/70 ಇನ್ಸುಲಿನ್ (ಬೇಗ ಕೆಲಸ ಮಾಡೋದು, ನಿಧಾನಕ್ಕೆ ಕೆಲಸ ಮಾಡೋದು ಎರಡೂ ಬೆರೆತದ್ದು) ತಗೋತಾರೆ.

ಮೊನ್ನೆ ಇಂಜೆಕ್ಷನ್ ತಗೊಂಡು, ತಿಂಡಿ ತಿನ್ನದೆ ಡೈರಿಗೆ ಹಾಲು ಹಾಕೋಕೆ ಹೋಗಿದ್ದಾರೆ. ವಾಪಸ್ ಬಂದಾಗ ಕ್ಯಾನ್ ಹಿಡಿದ ಕೈ ಗಡಗಡ ನಡುಗ್ತಿತ್ತು, ಸೆರಗೆಲ್ಲ ಬೆವರಿಗೆ ಒದ್ದೆ. ನನ್ನನ್ನು ಅಕ್ಕನ ಹೆಸರಿಂದ ಕರೆದರು. ಮೀಟರ್‌ನಲ್ಲಿ 54. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ, 15 ನಿಮಿಷ ಬಿಟ್ಟು ನೋಡಿದರೆ 82. ಆಮೇಲೆ ಮುದ್ದೆ ಸಾರು ಕೊಟ್ಟೆ. ಅದೇ ರಾತ್ರಿ 310! ನನಗಂತೂ ಕೈಕಾಲೇ ಆಡಲಿಲ್ಲ.

ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದಾಗ ಹೊಕ್ಕುಳ ಬಲಗಡೆ ನೆಲ್ಲಿಕಾಯಿ ಗಾತ್ರದ ಗಂಟು ಸಿಕ್ಕಿತು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಚುಚ್ಚಿಕೊಂಡದ್ದರಿಂದ ಆದದ್ದಂತೆ. ಅಲ್ಲಿ ಇನ್ಸುಲಿನ್ ಒಂದೇ ಸಮ ರಕ್ತಕ್ಕೆ ಸೇರೋದಿಲ್ಲ. ಜಾಗ ಬದಲಿಸಿದಾಗ ಇನ್ಸುಲಿನ್ ಸರಿಯಾಗಿ ಸೇರಿ ಶುಗರ್ ಇನ್ನೂ ಇಳಿಯಬಹುದು, ಹಾಗಾಗಿ ಹೆಚ್ಚು ಸಲ ನೋಡ್ಕೊಳ್ಳಿ ಅಂದರು. ಇಷ್ಟು ದಿನ ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ಸಂಕಟ ಆಗುತ್ತೆ.

ತೋಳಿಗೆ ಅಂಟಿಸಿ ಶುಗರ್ ನೋಡುವ 14 ದಿನದ ಸೆನ್ಸರ್ ಹಾಕಿಸಿದವರು ಇದ್ದೀರಾ? ಹೊಲದ ಕೆಲಸ, ಬೆವರಲ್ಲಿ ಅದು ನಿಲ್ಲುತ್ತಾ? ರಾತ್ರಿ ನಿದ್ದೆಯಲ್ಲಿ ಶುಗರ್ ಲೋ ಆದರೆ ಹೇಗೆ ಗೊತ್ತು ಮಾಡ್ಕೋತೀರಿ? ಕೋಲಾರ, ಚಿಂತಾಮಣಿ ಕಡೆ ತಾಳ್ಮೆಯಿಂದ ಇದನ್ನೆಲ್ಲ ಹೇಳಿಕೊಡುವ ಶುಗರ್ ಡಾಕ್ಟರ್ ಇದ್ದರೆ ತಿಳಿಸಿ. ಡೋಸ್ ಬದಲಿಸಿ, ಇನ್ಸುಲಿನ್ ಬಿಟ್ಟು ಕಷಾಯ ಕೊಡಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಈಗ ರಾತ್ರಿ 3 ಗಂಟೆಗೆ ಅಲಾರಂ ಇಟ್ಟು ಎದ್ದು ನೋಡ್ತಿದ್ದೀನಿ.